ರಿಂಗಿನೊಳಗೆ ನಾಯಿ, ಪರೀಕ್ಷೆ ಮಕ್ಕಳಿಗೆ

ಜೈನ ಮನೆಗಳಿಗೆ ಹೋಗುವ ಮಾಸಪತ್ರಿಕೆಯಲ್ಲಿ ನಾಯಿ ಪ್ರದರ್ಶನದ ವಿಚಾರವೇಕೆ ಎಂದು ಹಿರಿಯ ಓದುಗರು ಕೇಳಬಹುದು. ನಮಗೂ ಮೊದಲು ಹಾಗೆಯೇ ಅನಿಸಿತ್ತು. ಆದರೆ ಹೊಸೂರಿನ ನಮ್ಮ ಪರಿಚಯದ ಒಂದು ಬಟ್ಟೆ ವ್ಯಾಪಾರದ ಮನೆಯಲ್ಲಿ ಈ ವಿಷಯವಾಗಿ ಎರಡು ತಿಂಗಳು ನಡೆದ ವಾದವನ್ನು ಕೇಳಿದೆವು. ಆಮೇಲೆ ಆ ಮನೆಯವರ ಜತೆಯಲ್ಲೇ ಹೋಗಿ ಒಂದು ಪ್ರದರ್ಶನವನ್ನು ಕಣ್ಣಾರೆ ಕಂಡೆವು. ಕಂಡ ಮೇಲೆ ಬರೆಯದೆ ಇರಲಾಗಲಿಲ್ಲ.

ಆ ಮನೆಯ ಗೋದಾಮಿನ ಕಾವಲಿಗೆಂದು ತಂದದ್ದು ಒಂದು ಕಪ್ಪು ಲ್ಯಾಬ್ರಡಾರ್. ಅದು ಕಾವಲು ಕಾಯುವುದಕ್ಕಿಂತ ಬಂದವರ ಕೈ ನೆಕ್ಕುವುದೇ ಹೆಚ್ಚು. ಮನೆಯ ಹದಿಮೂರು ವರ್ಷದ ಹುಡುಗನಿಗೂ ಅದಕ್ಕೂ ಬಿಡಿಸಲಾಗದ ಸ್ನೇಹ. ಶಾಲೆಯ ಗೆಳೆಯನೊಬ್ಬ ಹೇಳಿದನೆಂದು ಹುಡುಗ ಪ್ರದರ್ಶನದ 'ಜೂನಿಯರ್ ಹ್ಯಾಂಡ್ಲಿಂಗ್' ಸ್ಪರ್ಧೆಗೆ ಹೆಸರು ಕೊಡಬೇಕೆಂದು ಹಟ ಹಿಡಿದ. ಹುಡುಗನಿಗೆ ಸಭಾಕಂಪ ಹೋಗಲಿ ಎಂದು ತಂದೆ ಒಪ್ಪಿದರು. ಒಪ್ಪದವರು ಅಜ್ಜಿ. ದಿನಕ್ಕೆರಡು ಸಾಮಾಯಿಕ ತಪ್ಪದ, ಸೂರ್ಯಾಸ್ತವಾದ ಮೇಲೆ ನೀರೂ ಮುಟ್ಟದ ಹಿರಿಯ ಜೀವ ಅದು. "ಒಂದು ಕಪ್ಪಿನ ಆಸೆಗೆ ಆ ಮೂಕಪ್ರಾಣಿಯ ಮೇಲೆ ಒಂದೇ ಒಂದು ಏಟು ಬಿದ್ದರೂ ಅದನ್ನು ಈ ಮನೆಯಲ್ಲಿ ಇಟ್ಟುಕೊಳ್ಳುವುದು ಬೇಡ. ಕರುಣೆ ಇರುವ ಯಾರಿಗಾದರೂ ಕೊಟ್ಟುಬಿಡಿ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಕೊನೆಗೆ, ತಾವೂ ಬಂದು ನೋಡುವುದಾಗಿ ಹೇಳಿ ಅನುಮತಿ ಕೊಟ್ಟರು. ಹುಡುಗನಿಗೆ ಕಪ್ಪಿಗಿಂತ ನಾಯಿ ಉಳಿಯುವುದೇ ದೊಡ್ಡ ಚಿಂತೆಯಾಯಿತು.

ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಗೆ ಪ್ರಾಣಿಗಳನ್ನು ನಿಲ್ಲಿಸಿ ಪರೀಕ್ಷಿಸುವುದು ಹೊಸದೇನಲ್ಲ. ಹೊಸೂರಿನ ಪಕ್ಕದ ಮತ್ತಿಗಿರಿಯ ಸರ್ಕಾರಿ ಜಾನುವಾರು ಕ್ಷೇತ್ರ 1824ರಷ್ಟು ಹಳೆಯದು. ಆಗ ಅಲ್ಲಿ ಬೆಳೆಸುತ್ತಿದ್ದುದು ಸೈನ್ಯಕ್ಕೆ ಬೇಕಾದ ಕುದುರೆಗಳನ್ನು. ದನದ ಜಾತ್ರೆಯಲ್ಲಿ ಹಲ್ಲು ಎಣಿಸಿ, ಸುಳಿ ನೋಡಿ, ನಡಿಗೆ ನೋಡಿ, ಟವೆಲಿನ ಕೆಳಗೆ ಬೆರಳು ಹಿಡಿದು ದರ ಹೇಳುವ ರೈತರನ್ನು ನಮ್ಮ ಹಿರಿಯರೆಲ್ಲ ಕಂಡವರೇ. ಕೃಷ್ಣಗಿರಿಯ ಮಾವಿನ ಪ್ರದರ್ಶನದ ಜತೆಗೆ ನಾಯಿಗಳ ಪ್ರದರ್ಶನವೂ ನಡೆದದ್ದುಂಟು. ಏರ್ಕಾಡಿನ ಬೇಸಿಗೆ ಉತ್ಸವದಲ್ಲಿ ಸಾಕು ನಾಯಿಗಳಿಗೆ ಒಂದು ದಿನ ಮೀಸಲು. ಉದಕಮಂಡಲದಲ್ಲಿ ಸೌತ್ ಆಫ್ ಇಂಡಿಯಾ ಕೆನೆಲ್ ಕ್ಲಬ್ಬಿನವರು ಮೇ ತಿಂಗಳಲ್ಲಿ ನಡೆಸುವ ಪ್ರದರ್ಶನಕ್ಕೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಇನ್ನು ಬೆಂಗಳೂರು ನಮಗೆ ಒಂದು ಗಂಟೆಯ ದಾರಿ. ಇಂಥ ಪ್ರದರ್ಶನಗಳಿಗೆ ಮಾನ್ಯತೆ ಕೊಡುವ ಕೆನೆಲ್ ಕ್ಲಬ್ ಆಫ್ ಇಂಡಿಯಾದ ಮೂಲ 1896ರದು, ಕಚೇರಿ ಚೆನ್ನೈನಲ್ಲಿದೆ.

ನಾಯಿ ಪ್ರದರ್ಶನದ ಹುಟ್ಟು ಮಾತ್ರ ನಮಗೆ ಹಿಡಿಸುವಂಥದ್ದಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ 1859ರಲ್ಲಿ ಮೊದಲ ವ್ಯವಸ್ಥಿತ ಪ್ರದರ್ಶನ ನಡೆದಾಗ ಬಂದದ್ದೆಲ್ಲ ಬೇಟೆಯ ನಾಯಿಗಳು, ಗೆದ್ದವರಿಗೆ ಕೊಟ್ಟ ಬಹುಮಾನ ಬಂದೂಕು! ಮುಂದೆ 1891ರಲ್ಲಿ ಲಂಡನ್ನಿನಲ್ಲಿ ತನ್ನ ಹೆಸರಿನ ಪ್ರದರ್ಶನ ಆರಂಭಿಸಿ ಜಗತ್ಪ್ರಸಿದ್ಧನಾದ ಚಾರ್ಲ್ಸ್ ಕ್ರಫ್ಟ್ ನಾಯಿ ಬಿಸ್ಕತ್ತಿನ ಕಂಪನಿಯಲ್ಲಿ ದುಡಿದ ವ್ಯಾಪಾರಿ. ಸ್ವಂತಕ್ಕೆ ಆತ ಸಾಕಿದ್ದು ಬೆಕ್ಕನ್ನು ಎಂದು ಹೇಳುತ್ತಾರೆ. ವ್ಯಾಪಾರದ ಮರ್ಮ ಬಲ್ಲ ನಮ್ಮವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಾರದು.

ಮಕ್ಕಳ ಸ್ಪರ್ಧೆ ಬಂದದ್ದು ಬಹಳ ತಡವಾಗಿ. ಅಮೆರಿಕದಲ್ಲಿ ಲಿಯೊನಾರ್ಡ್ ಬ್ರಂಬಿ ಎಂಬುವರು, ತಾವೇ ವೃತ್ತಿಯಿಂದ ನಾಯಿಗಳನ್ನು ರಿಂಗಿನಲ್ಲಿ ನಡೆಸುತ್ತಿದ್ದವರು, 1932ರಲ್ಲಿ ಮಕ್ಕಳಿಗೆಂದೇ ಒಂದು ತರಗತಿಯನ್ನು ಆರಂಭಿಸಿದರು. ಎರಡು ವರ್ಷದಲ್ಲಿ ಅದು ನ್ಯೂಯಾರ್ಕಿನ ಹೆಸರಾಂತ ವೆಸ್ಟ್‌ಮಿನ್ಸ್ಟರ್ ಪ್ರದರ್ಶನವನ್ನೂ ಸೇರಿತು. ಅಲ್ಲಿನ ಕೆನೆಲ್ ಕ್ಲಬ್ ಅದಕ್ಕೆ ಪೂರ್ಣ ಮಾನ್ಯತೆ ಕೊಟ್ಟದ್ದು 1971ರಲ್ಲಿ. ಇಂದು ನಮ್ಮ ದೇಶದ ಪ್ರದರ್ಶನಗಳಲ್ಲೂ ಈ ಸ್ಪರ್ಧೆ ಇದೆ.

ಇದರ ವಿಶೇಷವೆಂದರೆ ಇಲ್ಲಿ ನಾಯಿಯ ಅಂದಚಂದಕ್ಕೆ ಅಂಕವಿಲ್ಲ. ಬೇರೆ ತರಗತಿಗಳಲ್ಲಿ ತೀರ್ಪುಗಾರರು ಮೂಳೆ, ಮೈಕಟ್ಟು, ಹಲ್ಲು, ನಡಿಗೆ ಎಲ್ಲವನ್ನೂ ತಳಿಯ ಲಕ್ಷಣಕ್ಕೆ ಹೋಲಿಸಿ ನೋಡುತ್ತಾರೆ. ಇಲ್ಲಿ ಲಕ್ಷ ಬೆಲೆಯ ನಾಯಿಯನ್ನು ತಂದ ಮಗುವೂ ಬಾಲ ಡೊಂಕಾದ ಸಾಧಾರಣ ನಾಯಿಯನ್ನು ತಂದ ಮಗುವೂ ಸಮಾನ. ನೋಡುವುದು ಮಗುವಿನ ಕೈಯನ್ನು.

ಕೈಯನ್ನು ನೋಡುವುದು ಹೇಗೆ? ನಮ್ಮ ಅಂಗಡಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸೀರೆ ತೋರಿಸುವುದರಲ್ಲಿ ನುರಿತವನು ಸೀರೆಯನ್ನು ಹರಡಿದಾಗ ಗಿರಾಕಿಯ ಕಣ್ಣು ಸೆರಗಿನ ಮೇಲೆ ಬೀಳುತ್ತದೆಯೇ ಹೊರತು ಅವನ ಮೇಲಲ್ಲ. ಅವನು ಬೆಳಕಿಗೆ ಅಡ್ಡ ನಿಲ್ಲುವುದಿಲ್ಲ, ಅಂಚನ್ನು ಕೈಯಿಂದ ಮುಚ್ಚುವುದಿಲ್ಲ, ಒಂದೇ ಸಮನೆ ಮಾತಾಡಿ ಬೇಸರ ತರಿಸುವುದಿಲ್ಲ. ಹೊಸಬನೋ, ಸೀರೆಗಿಂತ ತಾನೇ ಹೆಚ್ಚು ಕಾಣಿಸುತ್ತಾನೆ. ರಿಂಗಿನಲ್ಲಿ ನಾಯಿ ಹಿಡಿದವರಿಗೂ ಇದೇ ಮಾತು ಸಲ್ಲುತ್ತದೆ. ತೀರ್ಪುಗಾರರಿಗೂ ನಾಯಿಗೂ ನಡುವೆ ಬರಬಾರದು ಎಂಬುದು ಅಲ್ಲಿನ ಮೊದಲ ನಿಯಮ.

ಸ್ಪರ್ಧಿಗಳು ಎಡತೋಳಿಗೆ ಸಂಖ್ಯೆ ಕಟ್ಟಿಕೊಂಡು ಸಾಲಾಗಿ ಒಳಗೆ ಬರುತ್ತಾರೆ. ನಾಯಿ ಎಡಗಡೆಗೆ, ಒಳಸುತ್ತಿನಲ್ಲಿ ನಿಂತ ತೀರ್ಪುಗಾರರಿಗೆ ಕಾಣುವಂತೆ. ಎಲ್ಲರೂ ಒಂದು ಸುತ್ತು ಓಡುನಡಿಗೆಯಲ್ಲಿ ಬರಬೇಕು. ಮುಂದಿನ ನಾಯಿಯ ಬಾಲಕ್ಕೆ ತಮ್ಮ ನಾಯಿಯ ಮೂಗು ತಾಗುವಷ್ಟು ಹತ್ತಿರ ಹೋಗಬಾರದು. ಆಮೇಲೆ ಒಬ್ಬೊಬ್ಬರನ್ನಾಗಿ ಕರೆಯುತ್ತಾರೆ. ಪಗ್, ಪಾಮೆರೇನಿಯನ್, ಡಾಕ್ಸ್‌ಹುಂಡ್‌ನಂಥ ಚಿಕ್ಕವನ್ನು ಮೇಜಿನ ಮೇಲೆ, ದೊಡ್ಡವನ್ನು ನೆಲದ ಮೇಲೆ ನಿಲ್ಲಿಸಬೇಕು. ನಿಲ್ಲಿಸುವ ಕ್ರಮವೂ ತಳಿಗೊಂದು. ಲ್ಯಾಬ್ರಡಾರಿನ ನಾಲ್ಕು ಕಾಲೂ ನೇರವಾಗಿರಬೇಕು. ಜರ್ಮನ್ ಷೆಫರ್ಡ್ ನಾಯಿಯ ಹಿಂಗಾಲೊಂದನ್ನು ಮುಂದಿಟ್ಟು ನಿಲ್ಲಿಸುವುದು ರೂಢಿ. ಹಲ್ಲು ತೋರಿಸು ಎಂದಾಗ ತುಟಿಯನ್ನು ಹಗುರಾಗಿ ಎತ್ತಬೇಕು, ಮೂಗು ಮುಚ್ಚಿ ನಾಯಿ ಉಸಿರು ಕಟ್ಟುವಂತೆ ಹಿಡಿಯಬಾರದು. ಬೆಳೆದ ನಾಯಿಗೆ ಹಲ್ಲು ಎಷ್ಟು ಎಂದು ಕೆಲವರು ಕೇಳಿಯೂ ಬಿಡುತ್ತಾರೆ. ನಲವತ್ತೆರಡು.

ನಂತರ ನಡಿಗೆ. ನೇರ ಹೋಗಿ ಬರುವುದು, ತ್ರಿಕೋನ, ಇಂಗ್ಲಿಷಿನ ಎಲ್ ಮತ್ತು ಟೀ ಅಕ್ಷರಗಳ ಆಕಾರ ಎಂದು ಬಗೆಗಳಿವೆ. ತ್ರಿಕೋನದಲ್ಲಿ ನಾಯಿ ಎಡಗೈಯಲ್ಲೇ ಇದ್ದರೆ ಸಾಕು. ಟೀ ಆಕಾರದಲ್ಲಿ ಮಾತ್ರ ಹಗ್ಗವನ್ನು ಕೈಯಿಂದ ಕೈಗೆ ಬದಲಿಸದಿದ್ದರೆ ಸ್ಪರ್ಧಿಯ ಮೈ ನಾಯಿಗೆ ಅಡ್ಡ ಬಂದೇ ಬರುತ್ತದೆ. ಅನೇಕ ಮಕ್ಕಳು ಎಡವುವುದು ಇಲ್ಲಿಯೇ. ಎಡವಿದ ಮೇಲೆ ಏನು ಮಾಡುತ್ತಾರೆ ಎಂಬುದನ್ನು ಅನುಭವಿ ತೀರ್ಪುಗಾರರು ಗಮನಿಸುತ್ತಾರೆ. ಕೆಲವರು ನಾಯಿಯನ್ನು ಗದರುತ್ತಾರೆ, ಕೆಲವರು ಅಮ್ಮನ ಕಡೆ ನೋಡುತ್ತಾರೆ, ಕೆಲವರು ತಪ್ಪಾಯಿತೆಂದು ಒಪ್ಪಿ ಸುಮ್ಮನೆ ಮುಂದುವರಿಯುತ್ತಾರೆ.

ಕೆಲವು ದೇಶಗಳಲ್ಲಿ ಅಂತಿಮ ಸುತ್ತಿಗೆ ಬಂದವರು ನಾಯಿಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಪರಿಚಯವಿಲ್ಲದ ನಾಯಿ ಯಾರ ಕೈಯಲ್ಲಿ ಬೇಗ ಸಮಾಧಾನಗೊಳ್ಳುತ್ತದೆ ಎಂದು ನೋಡುವುದಕ್ಕೆ. ಇದು ನಾಯಿಗೆ ಗಾಬರಿ ತರುತ್ತದೆ ಎಂಬುವರೂ ಇದ್ದಾರೆ. ನಮಗೆ ಎರಡನೆಯವರ ಮಾತೇ ಸರಿ ಎನಿಸುತ್ತದೆ.

ಉಡುಪಿನ ಬಗ್ಗೆ ಒಂದು ಮಾತು. ಶುಚಿಯಾದ, ಓಡಲು ತೊಡಕಾಗದ ಬಟ್ಟೆ ಸಾಕು. ಕಪ್ಪು ನಾಯಿ ಹಿಡಿದವರು ಕಪ್ಪು ಪ್ಯಾಂಟು ತೊಟ್ಟರೆ ನಾಯಿಯ ರೂಪರೇಖೆಯೇ ಅದರಲ್ಲಿ ಕರಗಿಹೋಗುತ್ತದೆ ಎಂಬುದಷ್ಟನ್ನು ನೆನಪಿಡಬೇಕು. ಕೆಲವು ಕಡೆ ಕೋಟು, ಟೈ ತೊಟ್ಟ ಪಟ್ಟಣದ ಮಕ್ಕಳ ಕಡೆಗೆ ತೀರ್ಪುಗಾರರ ಕಣ್ಣು ಮೊದಲು ಹೋಗುವುದನ್ನು ನಾವು ಗಮನಿಸಿದ್ದೇವೆ. ಅದು ಸ್ಪರ್ಧೆಯ ದೋಷವಲ್ಲ, ನೋಡುವವರ ದೋಷ.

ಇನ್ನು ಅಜ್ಜಿಯ ಆಕ್ಷೇಪಕ್ಕೆ ಬರೋಣ. ಅದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ಶ್ರಾವಕರು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಅಸತೀಪೋಷಣ ಎಂಬುದೊಂದಿದೆ. ಹನ್ನೆರಡನೆಯ ಶತಮಾನದ ಆಚಾರ್ಯ ಹೇಮಚಂದ್ರರು ತಮ್ಮ ಯೋಗಶಾಸ್ತ್ರದಲ್ಲಿ ಅದನ್ನು ವಿವರಿಸುವಾಗ ಹಣಕ್ಕಾಗಿ ಸಾಕುವ ಪ್ರಾಣಿಪಕ್ಷಿಗಳ ಸಾಲಿನಲ್ಲಿ ನಾಯಿಯನ್ನೂ ಹೇಳಿದ್ದಾರೆ. ಹಣಕ್ಕಾಗಿ ಎಂಬ ಮಾತನ್ನು ಗಮನಿಸಬೇಕು. ಮರಿ ಹಾಕಿಸಿ ಮಾರುವ ದಂಧೆ ಪ್ರದರ್ಶನದ ಬೆನ್ನಿಗೇ ಅಂಟಿಕೊಂಡು ಬರುತ್ತದೆ. ಕಪ್ ಗೆದ್ದ ನಾಯಿಯ ಮರಿಗೆ ಬೆಲೆ ಹೆಚ್ಚು. ಸರ್ಕಾರದ 2017ರ ನಿಯಮಗಳಂತೆ ತಳಿ ಬೆಳೆಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಕಾನೂನು ಇಷ್ಟಕ್ಕೆ ಬಿಡುತ್ತದೆ. ನಮ್ಮ ಮನೆಗಳವರು ಆ ದಂಧೆಯ ಹತ್ತಿರವೂ ಸುಳಿಯಬಾರದು ಎಂಬುದು ನಮ್ಮ ಅಭಿಪ್ರಾಯ.

ಆದರೆ ಅದೇ ನಮ್ಮ ಪರಂಪರೆಯಲ್ಲಿ ಜೀವಂಧರ ಕುಮಾರನ ಕಥೆಯೂ ಇದೆ. ಯಜ್ಞದ ಹವಿಸ್ಸನ್ನು ಮುಟ್ಟಿತೆಂದು ಜನ ಹೊಡೆದು ಕೆಡವಿದ ನಾಯಿಯ ಪಕ್ಕದಲ್ಲಿ ಕುಳಿತು ಆ ರಾಜಕುಮಾರ ಪಂಚನಮಸ್ಕಾರ ಮಂತ್ರವನ್ನು ಅದರ ಕಿವಿಯಲ್ಲಿ ಹೇಳುತ್ತಾನೆ. ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಅವನ ಕಷ್ಟಕಾಲಕ್ಕೆ ಒದಗುತ್ತಾನೆ. ವಾದೀಭಸಿಂಹರ ಸಂಸ್ಕೃತ ಕ್ಷತ್ರಚೂಡಾಮಣಿಯಿಂದ ಹಿಡಿದು 1424ರ ಭಾಸ್ಕರ ಕವಿಯ ಕನ್ನಡ ಜೀವಂಧರ ಚರಿತೆಯವರೆಗೆ ಈ ಕಥೆ ಬೆಳೆದುಬಂದಿದೆ. ಹುಡುಗ ಅಜ್ಜಿಯ ಮುಂದೆ ಇದನ್ನೇ ಇಟ್ಟ. ಕಥೆ ಹೇಳಿಕೊಟ್ಟವರೇ ಅವರಾದ್ದರಿಂದ ಅವರಿಗೆ ನಗು ತಡೆಯಲಾಗಲಿಲ್ಲ.

ಆ ಮೇಲೆ ಅವರು ಹುಡುಗನಿಗೆ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಬಾಯಿಪಾಠ ಮಾಡಿಸಿದರಂತೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನ ನಿರೋಧ. ಪ್ರದರ್ಶನದ ದಿನ ರಿಂಗಿನ ಹಗ್ಗದ ಆಚೆ ಕುರ್ಚಿ ಹಾಕಿಕೊಂಡು ಕುಳಿತ ಅಜ್ಜಿ ಈ ಐದನ್ನೇ ಅಳತೆಗೋಲು ಮಾಡಿಕೊಂಡು ಎಲ್ಲ ಮಕ್ಕಳನ್ನೂ ನೋಡುತ್ತಿದ್ದರು. ಪಕ್ಕದಲ್ಲಿ ಕುಳಿತ ನಮಗೆ ಬೆರಗಾದದ್ದೆಂದರೆ, ಒಳಗಿದ್ದ ತೀರ್ಪುಗಾರರು ನೋಡುತ್ತಿದ್ದುದೂ ಬಹುಪಾಲು ಅದನ್ನೇ.

ಬಂಧ ಎಂದರೆ ಕಟ್ಟುವುದು. ಕೊರಳ ಹಗ್ಗವನ್ನು ಮೇಲಕ್ಕೆ ಬಿಗಿಹಿಡಿದು ತಲೆ ಎತ್ತಿಸುವ ಕೆಟ್ಟ ಅಭ್ಯಾಸ ಕೆಲವರಿಗಿದೆ. ಮುಂಗಾಲು ನೆಲಕ್ಕೆ ಅರ್ಧ ತಾಗುತ್ತಿರುತ್ತದೆ, ನಾಯಿಗೆ ಕೆಮ್ಮು ಬರುತ್ತದೆ. ಹಗ್ಗ ಸಡಿಲವಾಗಿ ನೆಲಕ್ಕೆ ಜೋಲಬಾರದು, ಬಿಗಿಯಾಗಿ ಕೊರಳನ್ನು ಎಳೆಯಲೂಬಾರದು. ಮಿಕ್ಕದ್ದನ್ನು ಮಡಿಸಿ ಮುಷ್ಟಿಯೊಳಗೆ ಇಟ್ಟುಕೊಳ್ಳುವುದು ಸರಿಯಾದ ಕ್ರಮ. ಹೊಡೆದು ಕಲಿಸಿದ ನಾಯಿ ಹಿಡಿದವರ ಕೈ ಮೇಲೆದ್ದಾಗಲೆಲ್ಲ ಕಿವಿ ಹಿಂದಕ್ಕೆ ಮಡಚಿ, ಬಾಲ ಒಳಗೆ ಸೇರಿಸಿ ಕುಗ್ಗುತ್ತದೆ. ಮನೆಯಲ್ಲಿ ನಡೆದದ್ದನ್ನು ಅದು ರಿಂಗಿನಲ್ಲಿ ಹೇಳಿಬಿಡುತ್ತದೆ; ತೀರ್ಪುಗಾರರಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಛೇದದ ವಿಷಯವಾಗಿ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು. ಡೋಬರ್‌ಮನ್, ಬಾಕ್ಸರ್, ಗ್ರೇಟ್ ಡೇನ್ ಮೊದಲಾದ ನಾಯಿಗಳ ಕಿವಿಯನ್ನು ಕತ್ತರಿಸಿ ಚೂಪಾಗಿ ನಿಲ್ಲಿಸುವುದು, ಬಾಲವನ್ನು ಮೊಟಕು ಮಾಡುವುದು ಬರಿಯ ನೋಟದ ಸಲುವಾಗಿ. ಕಿವಿ ಕತ್ತರಿಸಿದ ನಾಯಿಗಳಿಗೆ ಇಂಗ್ಲೆಂಡಿನ ಕೆನೆಲ್ ಕ್ಲಬ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಪ್ರದರ್ಶನದ ಬಾಗಿಲು ಮುಚ್ಚಿತು. ನಮ್ಮಲ್ಲಿ ಇಂದಿಗೂ ಅಂಥ ಮರಿಗಳು ಮಾರಾಟಕ್ಕೆ ಬರುತ್ತವೆ, ಕೊಳ್ಳುವವರೂ ಇದ್ದಾರೆ. ಮೂಗು ಚುಚ್ಚಿದ ಎತ್ತನ್ನು ಕಂಡು ಮರುಗುವ ನಮ್ಮ ಜನ, ಕಾವಲಿಗೆಂದು ಕಿವಿ ಕತ್ತರಿಸಿದ ಡೋಬರ್‌ಮನ್ ತಂದು ಗೇಟಿಗೆ ಕಟ್ಟುವಾಗ ಏಕೆ ಯೋಚಿಸುವುದಿಲ್ಲವೋ ತಿಳಿಯದು.

ದೂರದೂರಿನಿಂದ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ತುಂಬಿ ತರುವುದನ್ನು ಅತಿಭಾರ ಎನ್ನದೆ ಬೇರೇನೆನ್ನೋಣ? ಅನ್ನಪಾನ ನಿರೋಧವಂತೂ ಅಲ್ಲಿ ರಾಜಾರೋಷವಾಗಿ ನಡೆಯುತ್ತದೆ. ತಿಂಡಿ ತೋರಿಸಿದಾಗ ನಾಯಿ ಕಿವಿ ನಿಮಿರಿಸಿ ನೋಡಲಿ ಎಂದು ಹಿಂದಿನ ರಾತ್ರಿಯಿಂದಲೇ ಉಪವಾಸ ಕೆಡವುವವರಿದ್ದಾರೆ. ಉಪವಾಸ ನಾವು ಮನಸಾರೆ ಕೈಗೊಳ್ಳುವ ವ್ರತ. ನಾಯಿಗೆ ಅದನ್ನು ಹೇರುವ ಹಕ್ಕು ಯಾರಿಗಿದೆ?

ತಿಂಡಿಯ ಪ್ರಶ್ನೆ ನಮ್ಮ ಮನೆಗಳಿಗೆ ಇನ್ನೊಂದು ರೀತಿಯಲ್ಲೂ ಬರುತ್ತದೆ. ರಿಂಗಿನಲ್ಲಿ ನಾಯಿಯ ಗಮನ ಸೆಳೆಯಲು ಬಹುಜನ ಬಳಸುವುದು ಬೇಯಿಸಿದ ಪಿತ್ತಜನಕಾಂಗದ ತುಂಡುಗಳನ್ನು. ಆದರೆ ಅದೇ ಆಗಬೇಕೆಂಬ ನಿಯಮವೇನೂ ಇಲ್ಲ. ಈ ಹುಡುಗನ ಜೇಬಿನಲ್ಲಿದ್ದದ್ದು ಪನ್ನೀರಿನ ಚೂರುಗಳು, ಒಂದು ಕೀಚು ಎನ್ನುವ ರಬ್ಬರ್ ಚೆಂಡು. ನಾಯಿ ಅಷ್ಟಕ್ಕೇ ಕಣ್ಣರಳಿಸಿ ನಿಂತಿತು. ಬೆಕ್ಕಿನಂತಲ್ಲದೆ ನಾಯಿ ಸರಿಯಾಗಿ ಹೊಂದಿಸಿದ ಸಸ್ಯಾಹಾರದಲ್ಲಿ ಬಾಳಬಲ್ಲದು. ಹೊಂದಿಸುವುದನ್ನು ಮಾತ್ರ ಪಶುವೈದ್ಯರನ್ನು ಕೇಳಿಯೇ ಮಾಡಬೇಕು. ಪ್ರೀತಿಯಿಂದೆಂದು ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಕೊಡಬಾರದು. ನಾಯಿಗೆ ಅವು ವಿಷ. ಈರುಳ್ಳಿಯೂ ಹಾಗೆಯೇ. ಆ ಅಪಾಯ ನಮ್ಮ ಅಡುಗೆಮನೆಗಳಲ್ಲಿ ಕಡಿಮೆ!

ಪ್ರದರ್ಶನ ನಡೆದದ್ದು ಕೃಷ್ಣಗಿರಿ ಕಡೆಯ ಒಂದು ಬಯಲಿನಲ್ಲಿ, ಸುಡು ಬೇಸಿಗೆಯಲ್ಲಿ. ಮಕ್ಕಳ ತರಗತಿ ಆರಂಭವಾಗುವಾಗ ಬಿಸಿಲು ನೆತ್ತಿಗೇರಿತ್ತು. ಹನ್ನೊಂದು ಮಕ್ಕಳು ಒಳಗೆ ಬಂದರು. ನಮ್ಮ ಹುಡುಗ ತಿಳಿ ಬಣ್ಣದ ಪ್ಯಾಂಟು ತೊಟ್ಟಿದ್ದ. ತ್ರಿಕೋನ ಸರಿಯಾಯಿತು, ಟೀ ಆಕಾರದಲ್ಲೂ ಕೈ ಬದಲಿಸುವುದನ್ನು ಮರೆಯಲಿಲ್ಲ. ಕೊನೆಗೆ ನಾಲ್ವರು ಉಳಿದರು. ಅವರನ್ನು ಸಾಲಾಗಿ ನಿಲ್ಲಿಸಿ ತೀರ್ಪುಗಾರರು ಮೊದಲನೆಯವರಿಂದ ನಿಧಾನವಾಗಿ ನೋಡುತ್ತ ಬಂದರು. ಕಪ್ಪು ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ಹುಡುಗ ಮೆಲ್ಲನೆ ಸರಿದು ಸೂರ್ಯನಿಗೆ ಬೆನ್ನು ಕೊಟ್ಟು ನಿಂತ. ಅವನ ನೆರಳು ನಾಯಿಯ ತಲೆ, ಬೆನ್ನಿನ ಮೇಲೆ ಬಿತ್ತು. ತೀರ್ಪುಗಾರರು ಹತ್ತಿರ ಬಂದರು. ಅವನು ನಿಂತದ್ದು ಅವರಿಗೂ ನಾಯಿಗೂ ನಡುವೆ. ಸರಿಯಲಿಲ್ಲ. ಅವರು ಒಂದು ಕ್ಷಣ ನಿಂತರು, ಮುಂದೆ ಹೋದರು.

ಮೊದಲ ಬಹುಮಾನ ಬೀಗಲ್ ನಾಯಿ ತಂದಿದ್ದ ಒಬ್ಬ ಹುಡುಗಿಗೆ ಹೋಯಿತು. ಇವನಿಗೆ ಎರಡನೆಯದು. ಇವನು ಮೊದಲು ಹೋಗಿ ಆ ಹುಡುಗಿಯ ಕೈ ಕುಲುಕಿದ, ಆಮೇಲೆ ನಾಯಿಯನ್ನು ಮರದ ಕೆಳಗೆ ಕರೆದೊಯ್ದು ನೀರಿಟ್ಟ.

ತಂದೆಗೆ ಅಸಮಾಧಾನವಾಯಿತು. ಎಲ್ಲ ಮುಗಿದ ಮೇಲೆ ತೀರ್ಪುಗಾರರನ್ನು ಕಂಡು, "ಸರ್, ನಾಯಿಗೆ ಬಿಸಿಲು ತಾಗದಿರಲಿ ಎಂದೇ ಅವನು ಹಾಗೆ ನಿಂತದ್ದು" ಎಂದರು. ತೀರ್ಪುಗಾರರು ತಮಿಳು ಬೆರೆತ ಕನ್ನಡದಲ್ಲಿ ಶಾಂತವಾಗಿಯೇ ಹೇಳಿದರು: "ನನಗೆ ಗೊತ್ತಾಯಿತು. ಅದಕ್ಕೇ ಅವನು ನಾಲ್ಕನೆಯವನಾಗಲಿಲ್ಲ, ಎರಡನೆಯವನಾದ." ಆಮೇಲೆ ಹುಡುಗನ ಕಡೆ ತಿರುಗಿ, "ನೆರಳು ಕೊಟ್ಟದ್ದು ಸರಿ ತಮ್ಮಾ. ನಾನು ಬರುವುದು ಕಂಡ ಕೂಡಲೇ ನಾಯಿಯ ಆಚೆ ಬದಿಗೆ ಹೋಗಬೇಕಿತ್ತು. ನಾನು ದಾಟಿದ ಮೇಲೆ ಮತ್ತೆ ಈಚೆಗೆ ಬರಬೇಕು. ಆ ಹುಡುಗಿ ಹಾಗೆ ಮೂರು ಸಲ ಮಾಡಿದಳು, ನೀನು ನೋಡಲಿಲ್ಲವೇ?" ಎಂದರು.

ನಾವೂ ನೋಡಿರಲಿಲ್ಲ. ನಮ್ಮ ಕಣ್ಣೆಲ್ಲ ನಮ್ಮ ಹುಡುಗನ ಮೇಲೇ ಇತ್ತು. ಅಜ್ಜಿ ಮಾತ್ರ, "ನಾನು ನೋಡಿದೆ. ಆ ಹುಡುಗಿ ಒಂದು ಸಲವೂ ಹಗ್ಗ ಜಗ್ಗಲಿಲ್ಲ" ಎಂದರು.

ಹಿಂತಿರುಗುವಾಗ ಸೂರ್ಯ ಮುಳುಗುವ ಮೊದಲು ಅಜ್ಜಿಯ ಊಟವಾಗಬೇಕಿತ್ತು. ಶೂಲಗಿರಿಯ ಹತ್ತಿರ ಹೆದ್ದಾರಿಯ ಬದಿಗೆ ಕಾರು ನಿಲ್ಲಿಸಿ, ಮನೆಯಿಂದ ತಂದ ಬುತ್ತಿ ಬಿಚ್ಚಿದೆವು. ಅಜ್ಜಿ ತಮ್ಮ ಪಾಲಿನ ಚಪಾತಿಯಲ್ಲಿ ಅರ್ಧ ಮುರಿದು ಕಾಗದದ ಮೇಲಿಟ್ಟು ನಾಯಿಯ ಮುಂದೆ ಸರಿಸಿದರು. ಅದು ತಿಂದು ಮುಗಿಸುವವರೆಗೆ ಸುಮ್ಮನಿದ್ದು, "ಏರ್ಕಾಡಿನದು ಯಾವಾಗ ಅಂದೆ?" ಎಂದು ಮೊಮ್ಮಗನನ್ನು ಕೇಳಿದರು.